ಚಾರಾಣೆ, ಕಿರಿಚುವ ಪೆಡಲ್ ಮತ್ತು ಅಜ್ಜನ ರೇಡಿಯೊ

ಪ್ರಶ್ನೆ: ಸರ್, ನಾನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿ. ಕಾಲೇಜು ಬ್ಯಾಂಡಿನಲ್ಲಿ ಲೀಡ್ ಗಿಟಾರ್ ನುಡಿಸುತ್ತೇನೆ. ಕ್ವೀನ್ ತಂಡದ ಬ್ರಯಾನ್ ಮೇ ಅವರ ಲೀಡ್ ಟೋನ್, ಅದರಲ್ಲೂ ‘ಬೊಹೀಮಿಯನ್ ರಾಪ್ಸಡಿ’ಯ ಸೋಲೊದಲ್ಲಿ ಕೇಳುವಂಥದ್ದು ಬೇಕೆಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ನನ್ನ ಹತ್ತಿರ ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ) ಇರುವ ಸ್ಟ್ರಾಟ್ ಮಾದರಿ ಗಿಟಾರ್, 20 ವ್ಯಾಟ್‌ನ ಟ್ರಾನ್ಸಿಸ್ಟರ್ ಆ್ಯಂಪ್, ಒಂದು ಮಲ್ಟಿ ಎಫೆಕ್ಟ್ಸ್ (ಬೇರೆ ಬೇರೆ ಆ್ಯಂಪ್, ಪೆಡಲುಗಳ ನಕಲಿರುವ ಡಬ್ಬಿ) ಇವೆ. ವಿಡಿಯೊ ನೋಡಿ ಟ್ರೆಬಲ್ ಬೂಸ್ಟರ್ ಪೆಡಲ್ ಕೊಂಡೆ. ಆ್ಯಂಪಿಗೆ ಹಚ್ಚಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ರೂಮಿನಲ್ಲಿ ಮಲ್ಟಿ ಎಫೆಕ್ಟ್ಸಿನಲ್ಲೇ ಒಂದು ಟೋನ್ ಕೂಡಿಸಿಕೊಂಡು ಗ್ಯಾದರಿಂಗಿಗೆ ಹೋದೆ. ಅಲ್ಲಿ ಸೌಂಡಿನವರು ಅದನ್ನು ಮಿಕ್ಸರಿಗೇ ನೇರ ಚುಚ್ಚಿದರು. ಜೇನುಹುಳ ಗುಂಯ್‌ಗುಟ್ಟಿದಂತೆ ಕೇಳಿತಂತೆ. ಹಿಂದೆ ಕುಳಿತ ಗೆಳೆಯರು ‘ನೀ ಸೋಲೊ ಯಾವಾಗ ಬಾರಿಸಿದಿ?’ ಎಂದರು. ವಾಲ್ವ್ (ಟ್ರಾನ್ಸಿಸ್ಟರಿಗೂ ಹಿಂದಿನ ಗಾಜಿನ ಕೊಳವೆ) ಆ್ಯಂಪ್ ಇಲ್ಲದೆ ಆ ನಾದ ಬರುವುದೇ ಇಲ್ಲ ಎನ್ನುತ್ತಾರೆ ಅಂಗಡಿಯವರು. ನನ್ನ ಬಳಿ ಇರುವುದು 18 ಸಾವಿರ ರೂಪಾಯಿ. ಸವಣೂರಿನ ಮನೆಯಲ್ಲಿ ಅಜ್ಜನ ವಾಲ್ವ್ ರೇಡಿಯೊ ಇದೆ. ಅದನ್ನೇ ಗಿಟಾರ್ ಆ್ಯಂಪ್ ಮಾಡಬಹುದೇ? ಬ್ರಯಾನ್ ಮೇ ನಾಣ್ಯದಿಂದ ನುಡಿಸುತ್ತಾರೆ ಎನ್ನುವುದು ನಿಜವೇ?

ಉತ್ತರ: ನೀವು ಒಂದೇ ತೊಂದರೆ ಎಂದು ಬರೆದಿದ್ದೀರಿ, ಆದರೆ ಒಳಗೆ ಮೂರು ಇವೆ. ಪೆಡಲ್ ಕಿರಿಚುವುದಕ್ಕೆ ಒಂದು ಕಾರಣ, ಜೇನುಹುಳಕ್ಕೆ ಇನ್ನೊಂದು, ಸ್ಟೇಜ್ ಮೇಲೆ ಸೋಲೊ ಮಾಯವಾಗುವುದಕ್ಕೆ ಮತ್ತೊಂದು. ಮೂರಕ್ಕೂ ಸದ್ಯಕ್ಕೆ ಹೊಸದೇನನ್ನೂ ಕೊಳ್ಳಬೇಕಿಲ್ಲ. ಆ 18 ಸಾವಿರವನ್ನು ಅಲ್ಲೇ ಇಟ್ಟುಕೊಂಡು ಮುಂದೆ ಓದಿ.

ಮೊದಲು ಜೇನುಹುಳ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ಮಿಕ್ಸರಿಗೇ ನೇರ ಚುಚ್ಚಿದರು’ ಎಂಬ ಮಾತು. ಗಿಟಾರ್ ಆ್ಯಂಪಿನ ಸ್ಪೀಕರನ್ನು ನಾವು ದನಿ ಹೊರಡಿಸುವ ಸಾಮಾನು ಎಂದಷ್ಟೇ ತಿಳಿದಿರುತ್ತೇವೆ. ನಿಜಕ್ಕೂ ಅದು ಒಂದು ಜರಡಿ. 12 ಇಂಚಿನ ಗಿಟಾರ್ ಸ್ಪೀಕರ್ 5,000 ಹರ್ಟ್ಜ್ ದಾಟಿದ ಮೇಲೆ ಹೆಚ್ಚೇನನ್ನೂ ಹೊರಗೆ ಬಿಡುವುದಿಲ್ಲ. ಡಿಸ್ಟಾರ್ಶನ್‌ನಿಂದ ಹುಟ್ಟುವ (ಸಿಗ್ನಲ್ ಒಡೆದಾಗ ಬರುವ) ಕರಕರ ಸದ್ದಿನ ಬಹುಪಾಲು ಅದಕ್ಕಿಂತ ಮೇಲೆ ಇರುತ್ತದೆ, ಜರಡಿಯಲ್ಲಿ ನಿಂತುಬಿಡುತ್ತದೆ. ಹಾಡುವವರ ಮೈಕಿಗಾಗಿ ಇಟ್ಟಿರುವ ದೊಡ್ಡ ಬಾಕ್ಸುಗಳಲ್ಲಿ ಟ್ವೀಟರ್ ಇರುತ್ತದೆ, 15 ಸಾವಿರ ಹರ್ಟ್ಜ್‌ವರೆಗೂ ಹೊಟ್ಟು ಸಮೇತ ಎಲ್ಲವನ್ನೂ ಸುರಿಯುತ್ತದೆ. ನಿಮ್ಮ ಗೆಳೆಯರು ಕೇಳಿದ್ದು ಜರಡಿ ಹಿಡಿಯದ ಗಿಟಾರ್.

ಬಹಳಷ್ಟು ಮಲ್ಟಿ ಎಫೆಕ್ಟ್ಸ್‌ಗಳಲ್ಲಿ ಈ ಜರಡಿಯ ನಕಲು ಇರುತ್ತದೆ. ‘ಕ್ಯಾಬ್’ ಅಥವಾ ‘ಕ್ಯಾಬಿನೆಟ್’ ಎಂಬ ಹೆಸರಿನಲ್ಲಿ ಹುಡುಕಿ. ಕೆಲವದರಲ್ಲಿ ಔಟ್‌ಪುಟ್ ಎಲ್ಲಿಗೆ ಹೋಗುತ್ತದೆ, ಆ್ಯಂಪಿಗೋ ಲೈನಿಗೋ ಎಂದು ಕೇಳುವ ಸೆಟ್ಟಿಂಗ್ ಬೇರೆಯೇ ಇರುತ್ತದೆ. ಮನೆಯಲ್ಲಿ ಆ್ಯಂಪಿಗೆ ಹಚ್ಚುವಾಗ ಈ ಕ್ಯಾಬನ್ನು ಆಫ್ ಮಾಡಿಕೊಂಡು, ಸ್ಟೇಜಿಗೆ ಹೋದಾಗ ಆನ್ ಮಾಡಲು ಮರೆತವರನ್ನು ನಾನು ಪ್ರತಿ ಗಣೇಶ ಹಬ್ಬದಲ್ಲೂ ನೋಡುತ್ತೇನೆ. ಹುಬ್ಬಳ್ಳಿಯ ಒಂದು ಪೆಂಡಾಲಿನಲ್ಲಿ ನಾನೇ ಮಿಕ್ಸರ್ ಮುಂದೆ ಕುಳಿತು, ಒಬ್ಬ ಹುಡುಗನ ಗಿಟಾರನ್ನು ಎರಡು ಹಾಡಿನ ತನಕ ಹಾಗೇ ಬಿಟ್ಟಿದ್ದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ಬಂದು ‘ಯಪ್ಪಾ, ಅದೇನೋ ಕಟ್ಟಿಗಿ ಕೊರಿಯೋ ಮಷಿನ್ ಚಾಲೂ ಆಗೇತಿ, ಬಂದ್ ಮಾಡು’ ಎಂದ ಮೇಲೆ ನನಗೆ ಹೊಳೆಯಿತು. ನಿಮ್ಮ ಮಲ್ಟಿ ಎಫೆಕ್ಟ್ಸಿನಲ್ಲಿ ಆ ಸೌಲಭ್ಯವೇ ಇಲ್ಲದಿದ್ದರೆ ನಿಮ್ಮ ಆ್ಯಂಪನ್ನೇ ಸ್ಟೇಜ್ ಮೇಲಿಟ್ಟು, ಸ್ಪೀಕರ್ ಜಾಳಿಗೆಗೆ ತಾಗುವಷ್ಟು ಹತ್ತಿರ, ನಡುಮಧ್ಯದಿಂದ ಎರಡು ಬೆರಳು ಪಕ್ಕಕ್ಕೆ ಒಂದು ಡೈನಮಿಕ್ ಮೈಕ್ ಇಡಿಸಿ. ಸೌಂಡಿನವರು ಗೊಣಗಿದರೂ ಕೇಳಿ ಇಡಿಸಿಕೊಳ್ಳಿ.

ಸೋಲೊ ಮಾಯವಾಗುವುದಕ್ಕೆ ಕಾರಣ ನಿಮ್ಮ ರೂಮು. ಸಣ್ಣ ದನಿಯಲ್ಲಿ ಕೇಳುವಾಗ ನಮ್ಮ ಕಿವಿಗೆ ಬೇಸ್ (ದಪ್ಪ ದನಿ) ಮತ್ತು ಟ್ರೆಬಲ್ (ಚೂಪು ದನಿ) ಕಡಿಮೆ ಕೇಳುತ್ತವೆ, ಮಿಡ್ (ನಡುವಿನ ದನಿ) ಮಾತ್ರ ಚೆನ್ನಾಗಿ ಕೇಳುತ್ತದೆ. ಹೀಗಾಗಿ ರೂಮಿನಲ್ಲಿ ಕೂತವರೆಲ್ಲ ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸುತ್ತಾರೆ. ಒಬ್ಬರೇ ನುಡಿಸುವಾಗ ಅದು ದೊಡ್ಡದಾಗಿ ಕೇಳುತ್ತದೆ ಕೂಡ. ಸ್ಟೇಜ್ ಮೇಲೆ ಆ ಬೇಸ್ ಜಾಗದಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಕೂತಿರುತ್ತವೆ, ಟ್ರೆಬಲ್ ಜಾಗವನ್ನು ಸಿಂಬಲ್ ನುಂಗುತ್ತದೆ. ನಿಮಗೆ ಉಳಿಯುವ ಬಾಗಿಲು 500ರಿಂದ 2,000 ಹರ್ಟ್ಜ್‌ನ ಆಸುಪಾಸು. ಅದನ್ನೇ ನೀವು ರೂಮಿನಲ್ಲಿ ಮುಚ್ಚಿಕೊಂಡು ಬಂದಿರುತ್ತೀರಿ. ಬ್ರಯಾನ್ ಮೇ ಅವರ ನಾದವೆಂದರೆ ಬಹುಪಾಲು ಮಿಡ್ಡೇ. ಮೂಗಿನಲ್ಲಿ ಹಾಡಿದಂತೆ, ಸ್ವಲ್ಪ ಒರಟಾಗಿ, ಒಂಟಿಯಾಗಿ ಕೇಳಿದರೆ ‘ಇಷ್ಟೇನಾ?’ ಎನ್ನಿಸುವಂತೆ ಇರುತ್ತದೆ. ಬ್ಯಾಂಡಿನ ನಡುವೆ ನಿಂತಾಗ ಅದರ ಬೆಲೆ ತಿಳಿಯುವುದು. ಟೋನ್ ಕೂಡಿಸುವಾಗ ಹಿಂದೆ ಡ್ರಮ್ ಮತ್ತು ಬೇಸ್ ಇರುವ ಬ್ಯಾಕಿಂಗ್ ಟ್ರ್ಯಾಕ್ ಹಾಕಿಕೊಂಡೇ ಕೂಡಿಸಿ, ಒಬ್ಬರೇ ಕೂತು ಬೇಡ.

ಇನ್ನು ಟ್ರೆಬಲ್ ಬೂಸ್ಟರ್. ಈ ಪೆಡಲಿಗೆ ಯಾರು ಆ ಹೆಸರಿಟ್ಟರೋ, ಐವತ್ತು ಅರವತ್ತು ವರ್ಷಗಳಿಂದ ಹುಡುಗರಿಗೆ ಮೋಸವಾಗುತ್ತಲೇ ಇದೆ. 1960ರ ದಶಕದ ಕೊನೆಯಲ್ಲಿ ಮೇ ಇನ್ನೂ ವಿದ್ಯಾರ್ಥಿ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರನ್ನು ಕಾರ್ಯಕ್ರಮ ಮುಗಿದ ಮೇಲೆ ಹಿಡಿದು, ಈ ನಾದ ಹೇಗೆ ಬರುತ್ತದೆಂದು ಕೇಳಿದರಂತೆ. ಉತ್ತರ ಸರಳವಾಗಿತ್ತು: ರೇಂಜ್‌ಮಾಸ್ಟರ್ ಎಂಬ ಟ್ರೆಬಲ್ ಬೂಸ್ಟರ್, ಮುಂದೆ ವಾಕ್ಸ್ ಎಸಿ30 ಆ್ಯಂಪ್. ಮೇ ಅದನ್ನೇ ಮಾಡಿದರು. ಎಸಿ30ಯನ್ನು ಇವತ್ತಿಗೂ ಬಿಟ್ಟಿಲ್ಲ. ಆದರೆ ಆ ಉತ್ತರದಲ್ಲಿ ಹೇಳದೇ ಉಳಿದ ಒಂದು ಸಂಗತಿ ಇದೆ. ಆ ಆ್ಯಂಪಿನ ವಾಲ್ಯೂಮ್ ಪೂರ್ತಿ ಏರಿಸಿರುತ್ತಾರೆ. ಬೂಸ್ಟರ್ ಬರುವ ಮೊದಲೇ ಅದು ಸೋತು ಕೂತಿರುತ್ತದೆ.

‘ಸೋತು’ ಎಂದೆ. ಬೆಂಚಿನ ಮೇಲೆ ಆ್ಯಂಪ್ ಬಿಚ್ಚಿಟ್ಟುಕೊಂಡು ಇಷ್ಟು ವರ್ಷ ಕೂತಿದ್ದಕ್ಕೆ ನನಗೆ ಹೊಳೆದದ್ದು ಇಷ್ಟೇ: ರಾಕ್ ಲೀಡ್ ಟೋನ್ ಎಂದರೆ ಆ್ಯಂಪ್ ಸೋಲುವ ಸದ್ದು. ತಾನು ಹೊರಲಾರದಷ್ಟು ಸಿಗ್ನಲ್ ಬಂದಾಗ ಆ್ಯಂಪ್ ಅಲೆಯ ತಲೆಯನ್ನು ಚಪ್ಪಟೆ ಮಾಡುತ್ತದೆ. ಹಾಗೆ ಮಾಡುವಾಗ ಮೂಲದಲ್ಲಿ ಇರದ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಎಸಿ30ಯಲ್ಲಿರುವ ನಾಲ್ಕು ಇಎಲ್84 ವಾಲ್ವುಗಳು ಮೆಲ್ಲಗೆ, ಬಾಗಿ ಬಾಗಿ ಸೋಲುತ್ತವೆ. ಅಗ್ಗದ ಟ್ರಾನ್ಸಿಸ್ಟರ್ ಆ್ಯಂಪ್ ಕಡೆಯವರೆಗೂ ಬಿಮ್ಮನೆ ನಿಂತಿದ್ದು ಒಮ್ಮೆಲೇ ಕುಸಿಯುತ್ತದೆ. ನಿಮಗೆ ಧಾರವಾಡದಲ್ಲಿ ಇದನ್ನು ವಿವರಿಸುವುದು ಸುಲಭ: ತಂಬೂರಿಯವರು ಕುದುರೆಯ ಮೇಲೆ, ತಂತಿಯ ಕೆಳಗೆ ನೂಲಿನ ಎಳೆಯನ್ನು ಹಿಂದೆ ಮುಂದೆ ಸರಿಸುತ್ತ ‘ಜವಾರಿ’ ಹುಡುಕುವುದನ್ನು ನೋಡಿರುತ್ತೀರಿ. ತಂತಿ ಕುದುರೆಯನ್ನು ಸವರಿಕೊಂಡು ಹೋಗುವ ಆ ಒಂದು ಜಾಗದಲ್ಲಿ ಝೇಂಕಾರ ತೆರೆದುಕೊಳ್ಳುತ್ತದೆ. ಕೂದಲೆಳೆಯಷ್ಟು ಆಚೆ ಹೋದರೆ ಮಂಕು, ಈಚೆ ಬಂದರೆ ಕರಕರ. (ನಮ್ಮಲ್ಲಿ ಜವಾರಿ ಎಂದರೆ ಬದನೆಕಾಯಿಗೂ ಕೋಳಿಗೂ ಹೇಳುವ ಮಾತು, ಅದು ಬೇರೆ, ಇದು ಬೇರೆ.) ಸಿಗ್ನಲ್ ಎಷ್ಟು ಹಿಗ್ಗಬೇಕೆಂದು ತೀರ್ಮಾನಿಸುವ ಗೇನ್ ಗುಂಡಿಯೂ ಆ ನೂಲಿನಂಥದ್ದೇ. ಹತ್ತಕ್ಕೆ ತಿರುಗಿಸಿ ಬಿಡುವ ವಸ್ತುವಲ್ಲ.

ಬೂಸ್ಟರ್ ಇಲ್ಲಿ ಮಾಡುವ ಕೆಲಸ ಎರಡು. ಒಳಗೆ ಬರುವ ದಾರಿಯಲ್ಲಿ ಒಂದು ಸಣ್ಣ ಕೆಪಾಸಿಟರ್ ಇಟ್ಟು, ಹಳೆಯ ರೇಂಜ್‌ಮಾಸ್ಟರಿನಲ್ಲಿ ಅದು 0.005 ಮೈಕ್ರೊಫ್ಯಾರಡ್, ಬೇಸನ್ನು ಸೋಸುತ್ತದೆ. ಉಳಿದದ್ದನ್ನು ಹತ್ತಾರು ಪಟ್ಟು ಹಿಗ್ಗಿಸಿ ಆ್ಯಂಪಿನ ಮೇಲೆ ಎಸೆಯುತ್ತದೆ. ಸೋಲುತ್ತಿರುವ ಆ್ಯಂಪಿಗೆ ಬೇಸ್ ಹೆಚ್ಚು ಕೊಟ್ಟರೆ ಸದ್ದು ರಾಡಿಯಾಗುತ್ತದೆ. ಬೇಸ್ ಕಡಿಮೆ ಇದ್ದರೆ ಅದು ಬಿಡಿಬಿಡಿಯಾಗಿ, ಹಾಡಿದಂತೆ ಸೋಲುತ್ತದೆ. ಮೇಲಿನ ಚೂಪೆಲ್ಲ ವಾಲ್ವುಗಳ ಒತ್ತಡದಲ್ಲಿ ಮೊಂಡಾಗಿ ದಪ್ಪನೆಯ ಮಿಡ್ ಆಗುತ್ತದೆ. ನಿಮ್ಮ ಆ್ಯಂಪ್ ಕ್ಲೀನ್ ಚಾನೆಲ್‌ನಲ್ಲಿ, ಸಪ್ತಾಪುರದ ಮನೆಮಾಲಕರಿಗೆ ಹೆದರಿ ಎರಡರ ಮೇಲೆ ನಿಂತಿದೆ. ಅದಕ್ಕೆ ಸೋಲುವ ಪ್ರಶ್ನೆಯೇ ಬಂದಿಲ್ಲ. ಹೀಗಾಗಿ ಬೇಸ್ ಕಳೆದ, ಹಿಗ್ಗಿದ ಟ್ರೆಬಲ್ ಯಥಾವತ್ತಾಗಿ ನಿಮ್ಮ ಕಿವಿಗೆ ಬರುತ್ತಿದೆ. ಪೆಡಲ್ ಕೆಟ್ಟಿಲ್ಲ, ಅದರ ಮುಂದೆ ಇರಬೇಕಾದವರು, ಅಂದರೆ ಸೋಲುವ ಆ್ಯಂಪ್, ಇಲ್ಲ.

ಅವರನ್ನು ತರುವುದು ಹೇಗೆ? ಗಿಟಾರಿನಿಂದ ಹೊರಟ ವೈರು ಮೊದಲು ಬೂಸ್ಟರಿಗೆ ಬರಲಿ, ಅಲ್ಲಿಂದ ಮಲ್ಟಿ ಎಫೆಕ್ಟ್ಸಿಗೆ. ಅದರಲ್ಲಿ ಬಹುಶಃ ಎಸಿ30ಯ ನಕಲು ಇರುತ್ತದೆ. ಹೆಸರು ಸ್ವಲ್ಪ ತಿರುಚಿರುತ್ತಾರೆ, ಬ್ರಿಟಿಷ್ ಎಂದೋ 30 ಎಂದೋ ಇರುವುದನ್ನು ನೋಡಿ. ಮೊದಲು ಬೂಸ್ಟರ್ ಆಫ್ ಇಟ್ಟು ಆ ಮಾಡೆಲಿನ ಗೇನನ್ನು ಏರಿಸುತ್ತ ಹೋಗಿ. ಜೋರಾಗಿ ಮೀಟಿದರೆ ಒಡೆಯಬೇಕು, ಮೆಲ್ಲಗೆ ಮೀಟಿದರೆ ಸ್ವಚ್ಛವಾಗಬೇಕು, ಅಲ್ಲಿ ನಿಲ್ಲಿಸಿ. ಈಗ ಬೂಸ್ಟರ್ ಆನ್ ಮಾಡಿ. ಕಿರಿಚಾಟದ ಬದಲು ಸ್ವರ ಉದ್ದವಾಗಿ ನಿಲ್ಲುವುದನ್ನು ಕೇಳುತ್ತೀರಿ. ಬೇರೆ ಡಿಸ್ಟಾರ್ಶನ್ ಪೆಡಲುಗಳನ್ನೆಲ್ಲ ತೆಗೆದುಬಿಡಿ. ಕ್ಲೀನ್ ಬೇಕಾದಾಗ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಇಳಿಸಿ. ಮೇ ಅವರೂ ಹಾಗೇ ಮಾಡುವುದು. ಇದಾದ ಮೇಲೆ ಸದ್ದು ನಿಮ್ಮ 20 ವ್ಯಾಟ್ ಆ್ಯಂಪಿನ ಹಿಂಬದಿಯ ‘ರಿಟರ್ನ್’ ತೂತಿಗೆ ಹೋಗಲಿ. ಅದಿಲ್ಲದಿದ್ದರೆ ಮುಂದಿನ ಕ್ಲೀನ್ ಇನ್‌ಪುಟ್‌ಗೇ ಹೋಗಲಿ, ಟೋನ್ ಗುಂಡಿಗಳು ನಡುಮಧ್ಯದಲ್ಲಿರಲಿ.

ನಿಮ್ಮ ಪೆಡಲಿನಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ಇದೆಯೋ ಸಿಲಿಕಾನ್ ಇದೆಯೋ ನೋಡಿ. ಓಸಿ44ನಂಥ ಹಳೆಯ ಜರ್ಮೇನಿಯಂಗೆ ‘ಅದರದ್ದೇ ನಾದ’ ಎಂದು ಬೆಲೆ ಕಟ್ಟುವವರಿದ್ದಾರೆ. ನಾದ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಜರ್ಮೇನಿಯಂ ಶಾಖಕ್ಕೆ ಸೋರುತ್ತದೆ. ಜನವರಿಯ ಸಂಜೆ ಸೊಗಸಾಗಿ ಕೂಡಿಸಿದ ಪೆಡಲ್ ಏಪ್ರಿಲ್‌ನ ನಮ್ಮ ಬಿಸಿಲಲ್ಲಿ, ತಗಡಿನ ಶೆಡ್ಡಿನ ಸ್ಟೇಜ್ ಮೇಲೆ ಉಸಿರು ಕಟ್ಟಿದಂತೆ ಹಾಡುತ್ತದೆ. ಬಿಸಿ109 ತರಹದ ಸಿಲಿಕಾನ್ ಹಾಕಿದ ಬೂಸ್ಟರ್ ಈ ಊರಿಗೆ ಲೇಸು. ಇನ್ನೊಂದು ಅಪಾಯ: ಹಳೆಯ ಮಾದರಿಯ ಪಿಎನ್‌ಪಿ ಬೂಸ್ಟರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಗ್ರೌಂಡಿಗೆ ಸೇರಿರುತ್ತದೆ, ಉಳಿದ ಪೆಡಲುಗಳಲ್ಲಿ ಮೈನಸ್ ತುದಿ. ಅಂಥದ್ದನ್ನು ಉಳಿದ ಪೆಡಲುಗಳ ಜೊತೆ ಒಂದೇ ಅಡಾಪ್ಟರಿಗೆ ಸಿಕ್ಕಿಸಿದರೆ ನೇರ ಶಾರ್ಟ್. 9 ವೋಲ್ಟ್ ಬ್ಯಾಟರಿ ಹಾಕಿ, ತಿಂಗಳುಗಟ್ಟಲೆ ಬರುತ್ತದೆ.

ಈಗ ಗಿಟಾರ್. ಇದರ ಬಗ್ಗೆ ನೀವು ಕೇಳಿಲ್ಲ, ಆದರೆ ಹಣಕ್ಕೆ ತಕ್ಕ ಫಲ ಹೆಚ್ಚು ಸಿಗುವುದು ಇಲ್ಲೇ. ಮೇ ನುಡಿಸುವ ‘ರೆಡ್ ಸ್ಪೆಷಲ್’ 1963ರಲ್ಲಿ ಅವರು ಮತ್ತು ಅವರ ತಂದೆ ಮನೆಯಲ್ಲೇ ಮಾಡಲು ಹಿಡಿದದ್ದು. ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಟ್ರೆಮೊಲೊಗೆ (ಸ್ವರ ಅಲುಗಿಸುವ ಸನ್ನೆ) ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ ವಾಲ್ವಿನ ಸ್ಪ್ರಿಂಗ್. ತಾವೇ ಸುತ್ತಿದ ಪಿಕಪ್ ಒಪ್ಪದ ಕಾರಣ ಅಂಗಡಿಯಿಂದ ಬರ್ನ್ಸ್ ಕಂಪನಿಯ ಮೂರು ಸಿಂಗಲ್ ಕಾಯಿಲ್ ತಂದು, ಸೀಟಿ ಹೊಡೆಯದಂತೆ ಒಳಗೆ ಅಂಟು ಸುರಿದರು. ಅಂದರೆ ಪಿಕಪ್ ಜಾತಿ ನಿಮ್ಮದೂ ಅವರದೂ ಒಂದೇ, ಬೇರೆಯಾಗಿರುವುದು ಜೋಡಣೆ. ಸ್ಟ್ರಾಟ್‌ನಲ್ಲಿ ಎರಡು ಪಿಕಪ್ ಒಟ್ಟಿಗೆ ಆನ್ ಆದಾಗ ಅವು ಪಕ್ಕಪಕ್ಕದಲ್ಲಿ, ಪ್ಯಾರಲೆಲ್ ಆಗಿ ಸೇರುತ್ತವೆ, ಸದ್ದು ತೆಳುವಾಗುತ್ತದೆ. ರೆಡ್ ಸ್ಪೆಷಲ್‌ನಲ್ಲಿ ಒಂದರ ಹಿಂದೊಂದು, ಸೀರೀಸ್‌ನಲ್ಲಿ ಸೇರುತ್ತವೆ. ಸಿಗ್ನಲ್ ಜೋರಾಗುತ್ತದೆ, ಮಿಡ್ ದಪ್ಪವಾಗುತ್ತದೆ. ಬ್ರಿಡ್ಜ್ ಮತ್ತು ನಡುವಿನ ಪಿಕಪ್‌ಗಳನ್ನು ಸೀರೀಸ್ ಮಾಡಲು ಒಂದು ಸಣ್ಣ ಸ್ವಿಚ್, ಗೇಣುದ್ದ ವೈರು, ಸೋಲ್ಡರಿಂಗ್ ಐರನ್ ಹಿಡಿಯಲು ಬರುವ ಕೈ ಸಾಕು. ಅರ್ಧ ಗಂಟೆಯ ಕೆಲಸ. ನಷ್ಟ ಎಂದರೆ ಗಿಟಾರಿನ ವಾರಂಟಿ ಹೋಗುತ್ತದೆ. ಬೆಸುಗೆ ಹಾಕುವವರು ಅವಸರದವರಾದರೆ ಪ್ಲಾಸ್ಟಿಕ್ ಸ್ವಿಚ್ಚೂ ಕರಗುತ್ತದೆ.

ವಾಲ್ವ್ ಇಲ್ಲದೆ ಆಗುವುದಿಲ್ಲ ಎಂದರಲ್ಲ ಅಂಗಡಿಯವರು, ಅವರಿಗೆ ಒಂದು ಕಥೆ ಹೇಳಿ. 1972ರ ಸುಮಾರಿಗೆ ಕ್ವೀನ್ ತಂಡದ ಬೇಸ್ ವಾದಕ ಜಾನ್ ಡೀಕನ್, ಎಲೆಕ್ಟ್ರಾನಿಕ್ಸ್ ಓದಿದವರು, ಕಸದ ತೊಟ್ಟಿಯಲ್ಲಿ ಸಿಕ್ಕ ಒಂದು ಸರ್ಕ್ಯೂಟ್ ಬೋರ್ಡನ್ನು ಹಳೆಯ ಸ್ಪೀಕರ್ ಡಬ್ಬಿಗೆ ಕೂಡಿಸಿ ಪುಟ್ಟ ಆ್ಯಂಪ್ ಮಾಡಿದರು. 9 ವೋಲ್ಟ್ ಬ್ಯಾಟರಿ, ಜರ್ಮೇನಿಯಂ ಟ್ರಾನ್ಸಿಸ್ಟರ್, ವಾಲ್ವ್ ಒಂದೂ ಇಲ್ಲ. ‘ಡೀಕಿ ಆ್ಯಂಪ್’ ಎಂದು ಹೆಸರಾಯಿತು. ಧ್ವನಿಮುದ್ರಿಕೆಗಳಲ್ಲಿ ಪಿಟೀಲು, ಕಹಳೆಯಂತೆ ಕೇಳುವ ಎಷ್ಟೋ ಗಿಟಾರ್ ಪದರಗಳನ್ನು ಮೇ ಅದರಲ್ಲೇ ತೆಗೆದದ್ದು. ಮೆಲ್ಲಗೆ ಸೋಲುವುದು ವಾಲ್ವಿನ ಆಸ್ತಿಯೇನಲ್ಲ. ಇದರ ಜೊತೆಗೇ ಇನ್ನೊಂದು ಮಾತು: ಆ ತಂಡದ ಮುದ್ರಿಕೆಗಳಲ್ಲಿ ನೀವು ಕೇಳುವ ದಪ್ಪ ಬಹಳ ಕಡೆ ಹಲವು ಗಿಟಾರುಗಳು ಒಂದರ ಮೇಲೊಂದು ಕೂತದ್ದರಿಂದ ಬಂದದ್ದು. ಗ್ಯಾದರಿಂಗಿನಲ್ಲಿ ನಿಮ್ಮ ಒಂದು ಗಿಟಾರ್ ಅಷ್ಟು ದಪ್ಪ ಕೇಳದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಆದರೂ ವಾಲ್ವ್ ಆ್ಯಂಪ್ ಮೇಲೆ ಮನಸ್ಸಿದ್ದರೆ ಲೆಕ್ಕ ಹೀಗಿದೆ. ಸದ್ದು ಎರಡು ಪಟ್ಟು ಕೇಳಬೇಕೆಂದರೆ ವ್ಯಾಟ್ ಹತ್ತು ಪಟ್ಟು ಬೇಕು. ಹಾಗಾಗಿ 30 ವ್ಯಾಟಿಗೂ 15 ವ್ಯಾಟಿಗೂ ಇರುವ ಅಂತರ ಬರೀ 3 ಡೆಸಿಬೆಲ್. ಪೂರ್ತಿ ಏರಿಸಿದ ಎಸಿ30 ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ದಾಟುತ್ತದೆ. ಸಪ್ತಾಪುರದಲ್ಲಿ ಅರ್ಧ ಓಣಿ ಓದುವ ಮಕ್ಕಳಿದ್ದಾರೆ. 5 ವ್ಯಾಟಿನದ್ದಾದರೂ ರೂಮಿಗೆ ಜಾಸ್ತಿಯೇ. ನಿಮ್ಮ ಹಣಕ್ಕೆ ಒಳ್ಳೆಯದು ಸಿಗುವುದು ಕಷ್ಟ, ಸಿಕ್ಕರೂ ಸೆಕೆಂಡ್ ಹ್ಯಾಂಡ್. ಕೊಳ್ಳುವುದೇ ಆದರೆ ಹಿಂದಿನ ಪಟ್ಟಿಯಲ್ಲಿ ವೋಲ್ಟೇಜ್ ಓದಿ. ಅಮೆರಿಕದಿಂದ ಅಣ್ಣ ತಂದುಕೊಟ್ಟ 120 ವೋಲ್ಟಿನ ಆ್ಯಂಪನ್ನು ನಮ್ಮ 230ಕ್ಕೆ ಚುಚ್ಚಿ, ಹೊಗೆಯ ವಾಸನೆ ಸಮೇತ ನನ್ನ ಬೆಂಚಿಗೆ ತಂದವರು ಒಬ್ಬಿಬ್ಬರಲ್ಲ. ಮತ್ತೆ, ಸ್ಪೀಕರ್ ವೈರು ಕಳಚಿದ ವಾಲ್ವ್ ಆ್ಯಂಪನ್ನು ಎಂದೂ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ನನ್ನ ಸಲಹೆ ಬೇರೆ. ನಿಮ್ಮ 20 ವ್ಯಾಟಿನ ಆ್ಯಂಪಿನಲ್ಲಿ ಬಹುಶಃ 8 ಇಂಚಿನ ಸ್ಪೀಕರ್ ಇದೆ. ಸ್ವಿಚ್ ಹಾಕಿಸಿ, ಮೇಲೆ ಹೇಳಿದಂತೆ ಜೋಡಿಸಿ ಎರಡು ತಿಂಗಳು ನುಡಿಸಿ. ಆಮೇಲೂ ಎದೆಗೆ ತಾಗುತ್ತಿಲ್ಲ ಎನ್ನಿಸಿದರೆ 12 ಇಂಚಿನ ಸ್ಪೀಕರ್ ಇರುವ ಹಳೆಯ ಟ್ರಾನ್ಸಿಸ್ಟರ್ ಕಾಂಬೊ ಒಂದನ್ನು ಹುಡುಕಿ. ಪೆಡಲಿಗೆ ಸುರಿಯುವ ಹಣಕ್ಕಿಂತ ಸ್ಪೀಕರಿಗೆ ಕೊಟ್ಟ ಹಣ ಹೆಚ್ಚು ಕೇಳಿಸುತ್ತದೆ.

ಇನ್ನು ಅಜ್ಜನ ರೇಡಿಯೊ. ನಿಮ್ಮ ಯೋಚನೆ ಹುಚ್ಚಲ್ಲ. ಆ ಕಾಲದ ಎಷ್ಟೋ ರೇಡಿಯೊಗಳ ಕೊನೆಯ ವಾಲ್ವ್ ಇದೇ ಇಎಲ್84; ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೂ ಅದು ತಯಾರಾಗುತ್ತಿತ್ತು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದ ಮೇಲೆ ಈ ಭಾಗದ ಮನೆಮನೆಗೆ ಮನ್ಸೂರರನ್ನೂ ಗಂಗೂಬಾಯಿಯವರನ್ನೂ ತಲುಪಿಸಿದ ರೇಡಿಯೊಗಳಲ್ಲಿ ಎಸಿ30ಯ ಅಣ್ಣತಮ್ಮಂದಿರು ಕೂತಿದ್ದರು ಎಂದು ನೆನೆದರೆ ನನಗೆ ಇವತ್ತಿಗೂ ಖುಷಿ. ಆದರೆ ನೀವು ಅದನ್ನು ಮುಟ್ಟಬೇಡಿ. ಕೆಲವು ರೇಡಿಯೊಗಳು ಎಸಿ-ಡಿಸಿ ಎರಡಕ್ಕೂ ನಡೆಯುವಂತೆ ಮಾಡಿದವು. ಅವುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಲೋಹದ ಚಾಸಿ ನೇರ ಕರೆಂಟಿನ ಒಂದು ವೈರಿಗೆ ಸೇರಿರುತ್ತದೆ. ಪ್ಲಗ್ ತಿರುವುಮುರುವಾದರೆ ಚಾಸಿಯೇ ಫೇಸ್. ಅದಕ್ಕೆ ಗಿಟಾರ್ ಚುಚ್ಚಿದರೆ ತಂತಿಗಳಿಗೆ 230 ವೋಲ್ಟ್ ಬರುತ್ತದೆ, ತಂತಿಯ ಮೇಲೆ ನಿಮ್ಮ ಕೈ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೊ ಆದರೂ ಒಳಗೆ 250 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಹತ್ತಾರು ವರ್ಷ ಮೂಲೆಯಲ್ಲಿದ್ದದ್ದನ್ನು ಏನಾಗುತ್ತದೆ ನೋಡೋಣ ಎಂದು ಆನ್ ಮಾಡಿದರೆ ಒಣಗಿದ ಕೆಪಾಸಿಟರ್ ಸಿಡಿಯುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರನ್ನೂ ಕರೆದೊಯ್ಯುತ್ತದೆ. ವಾಲ್ವ್ ಬಲ್ಲ ಹಿರಿಯ ರಿಪೇರಿಯವರು ಹುಬ್ಬಳ್ಳಿಯಲ್ಲಿ ಇನ್ನೂ ಇದ್ದಾರೆ. ಅವರ ಕೈಗೆ ಕೊಟ್ಟು, ಆ್ಯಂಪ್ ಮಾಡಿಸದೆ, ಮತ್ತೆ ರೇಡಿಯೊ ಆಗಿಯೇ ಹಾಡಿಸಿ ಎಂದು ಕೇಳಿ ಎನ್ನುವುದು ನನ್ನ ಆಸೆ.

ಕರೆಂಟಿನ ಮಾತು ಬಂದದ್ದಕ್ಕೆ: ನಿಮ್ಮ ಬಾಡಿಗೆ ರೂಮಿನ ಮೂರನೇ ಪಿನ್ನಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ತೂತು ಇರುತ್ತದೆ, ವೈರು ಇರುವುದಿಲ್ಲ. ಇದ್ದರೂ ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಗೆ ನೀರು ಹಾಕದಿದ್ದರೆ ಹಿಡಿತ ತಪ್ಪುತ್ತದೆ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾದರೆ ಅದು ಸಹಜ. ಬೆರಳಿಗೆ ಜುಮ್ ಎಂದರೆ ಮಾತ್ರ ಅಲ್ಲಿಗೇ ಪ್ಲಗ್ ಕೀಳಿ.

ನಾಣ್ಯದ ವಿಷಯ ಪೂರ್ತಿ ನಿಜ. ಮೇ ಬಳಸುವುದು ಬ್ರಿಟನ್ನಿನ ಹಳೆಯ ಆರು ಪೆನ್ಸ್. 19 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ, ತಾಮ್ರ-ನಿಕಲ್ ಮಿಶ್ರಣ, ಅಂಚಿನಲ್ಲಿ ಗರಗಸದಂಥ ಗೀರು. ನಾಣ್ಯ ಬಾಗುವುದಿಲ್ಲ, ಹಾಗಾಗಿ ಬೆರಳು ಮಾಡಿದ್ದೆಲ್ಲ ತಂತಿಗೆ ಹೋಗುತ್ತದೆ. ಗೀರಿನ ಅಂಚು ತಂತಿಯನ್ನು ತುಸು ಕೆರೆದು ಪ್ರತಿ ಸ್ವರದ ಮೊದಲಿಗೆ ವ್ಯಂಜನದಂಥ ಒಂದು ಸದ್ದು ಹುಟ್ಟಿಸುತ್ತದೆ. ಇದಕ್ಕೆ ಲಂಡನ್ನಿನಿಂದ ತರಿಸಬೇಕಿಲ್ಲ. 1970-80ರ ದಶಕದ ನಮ್ಮ 25 ಪೈಸೆಯೂ ತಾಮ್ರ-ನಿಕಲ್ಲಿನದೇ, 19 ಮಿಲಿಮೀಟರ್, ಅಂಚಿನಲ್ಲಿ ಗೀರು. ಆಮೇಲೆ ಬಂದ ಸ್ಟೀಲಿನ ಚಾರಾಣೆ ಬೇಡ. 2011ರ ಜೂನ್ 30ರಿಂದ 25 ಪೈಸೆಯ ಚಲಾವಣೆಯೇ ನಿಂತಿದೆ, ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ; ಸವಣೂರಿಗೆ ಹೋದಾಗ ದೇವರ ಜಗಲಿಯ ಡಬ್ಬಿಯಲ್ಲಿ ಆ ತಾಮ್ರ-ನಿಕಲ್ಲಿನದನ್ನು ಹುಡುಕಿ. ಸಡಿಲವಾಗಿ ಹಿಡಿಯಿರಿ. ತಂತಿ ಬೇಗ ಸವೆಯುತ್ತದೆ, ಗಿಟಾರಿನ ಮುಖದ ಮೇಲೆ ಗೀರು ಬೀಳುತ್ತದೆ, ಮೊದಲ ವಾರ ಕೈ ತಪ್ಪಿ ನಾಲ್ಕೈದು ಸಲ ನಾಣ್ಯ ಮಂಚದ ಕೆಳಗೆ ಉರುಳುತ್ತದೆ. ಎರಡು ಮೂರು ಹೆಚ್ಚಿಗೇ ತನ್ನಿ.